ಹಳ್ಳಿಯ ವೈದ್ಯನೂ ರಾಜ್ಯದ ನಾಡಿಯೂ

ಬಡವನ ಆರೋಗ್ಯದ ಮಾತು ಬಂದಾಗ ನಮ್ಮ ದೇಶದಲ್ಲಿ ಇಂದು ಆಳುವವರೂ ವಿರೋಧಪಕ್ಷದವರೂ ಒಂದೇ ವಸ್ತುವನ್ನು ಎತ್ತಿ ತೋರಿಸುತ್ತಾರೆ. ಅದು ಒಂದು ಕಾರ್ಡು. ಅದನ್ನು ಹಿಡಿದು ಬಂದ ಕುಟುಂಬಕ್ಕೆ ವರ್ಷಕ್ಕೆ ಇಷ್ಟು ಲಕ್ಷ ರೂಪಾಯಿಗಳ ವರೆಗೆ ಆಸ್ಪತ್ರೆಯ ಚಿಕಿತ್ಸೆ ಉಚಿತವಾಗಿ ದೊರೆಯುವದು. ಆಸ್ಪತ್ರೆಯ ಲೆಕ್ಕವನ್ನು ಸರಕಾರ ತೀರಿಸುವದು. ೨೦೧೮ರ ಸೆಪ್ಟೆಂಬರಿನಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆ ಈ ಮೊತ್ತವನ್ನು ಐದು ಲಕ್ಷಕ್ಕೆ ನಿಲ್ಲಿಸಿತು. ಅಂದಿನಿಂದ ಮೊತ್ತವನ್ನು ಯಾರು ಹೆಚ್ಚಿಸುವರೆಂಬದೇ ಚುನಾವಣೆಯ ಪೈಪೋಟಿಯ ಒಂದು ವಿಷಯವಾಗಿದೆ. ಈ ಪದ್ಧತಿಗೆ ರಾಜ್ಯವ್ಯಾಪಿಯಾದ ರೂಪವನ್ನು ಕೊಟ್ಟವರಲ್ಲಿ ಪ್ರಮುಖರು ರಾಯಲಸೀಮೆಯ ಒಂದು ಸಣ್ಣ ಊರಿನಲ್ಲಿ ವೈದ್ಯರಾಗಿ ಬದುಕನ್ನು ಆರಂಭಿಸಿ, ಆಂಧ್ರಪ್ರದೇಶದ ಮುಖ್ಯಮಂತ್ರಿಗಳಾಗಿ ತೀರಿಕೊಂಡ ಡಾ. ವೈ. ಎಸ್. ರಾಜಶೇಖರ ರೆಡ್ಡಿಯವರು. ಆ ವೈದ್ಯರು ಚಿಕಿತ್ಸಾಲಯದಿಂದ ರಾಜ್ಯಾಡಳಿತಕ್ಕೆ ಏನನ್ನು ತಂದರು, ಏನನ್ನು ತರಲಾರದೆ ಹೋದರು ಎಂಬದನ್ನು ಸಮಾಧಾನದಿಂದ ವಿಚಾರಿಸುವದು ಇಂದು ಅಗತ್ಯವಾಗಿದೆಯೆಂದು ನಮ್ಮ ಅಭಿಪ್ರಾಯ. ಅವರ ಪಕ್ಷದ ಹೊಗಳಿಕೆಗೂ ವಿರೋಧಿಗಳ ತೆಗಳಿಕೆಗೂ ನಾವು ಇಲ್ಲಿ ಒಳಪಡಬೇಕಾಗಿಲ್ಲ.

ರಾಜಶೇಖರ ರೆಡ್ಡಿಯವರು ೧೯೪೯ನೆಯ ಜುಲೈ ೮ರಂದು ಕಡಪಾ ಜಿಲ್ಲೆಯಲ್ಲಿ ಹುಟ್ಟಿದರು. ಅವರು ವೈದ್ಯವಿದ್ಯೆಯನ್ನು ಕಲಿತದ್ದು ನಮ್ಮ ಕಲಬುರ್ಗಿಯಲ್ಲಿ, ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿನಲ್ಲಿ ಎಂಬದನ್ನು ಕನ್ನಡಿಗರು ನೆನೆಯಬಹುದು. ವಿದ್ಯಾರ್ಥಿ ಸಂಘದ ಮುಂದಾಳುತನ ಅಲ್ಲಿಯೇ ಅವರ ಕೈಗೆ ಬಂದಿತ್ತು. ಆ ಬಳಿಕ ತಿರುಪತಿಯಲ್ಲಿ ಹೌಸ್ ಸರ್ಜನರಾಗಿ ಕೆಲಸ ಮಾಡಿ, ಜಮ್ಮಲಮಡುಗಿನ ಮಿಶನ್ ಆಸ್ಪತ್ರೆಯಲ್ಲಿ ಕೆಲಕಾಲ ವೈದ್ಯಾಧಿಕಾರಿಗಳಾಗಿದ್ದು, ೧೯೭೩ರಲ್ಲಿ ತಮ್ಮ ಊರಾದ ಪುಲಿವೆಂದುಲದಲ್ಲಿ ತಂದೆಯವರ ಹೆಸರಿನಿಂದ ಎಪ್ಪತ್ತು ಹಾಸಿಗೆಗಳ ಧರ್ಮಾಸ್ಪತ್ರೆಯೊಂದನ್ನು ತೆರೆದರು. ರೋಗಿಯಿಂದ ಒಂದು ರೂಪಾಯಿ ಮಾತ್ರ ತೆಗೆದುಕೊಳ್ಳುವ ಡಾಕ್ಟರು ಎಂದು ಆ ಸೀಮೆಯ ಜನ ಅವರನ್ನು ಇಂದಿಗೂ ನೆನೆಯುತ್ತಾರೆ.

ರಾಯಲಸೀಮೆಯೆಂದರೆ ಮಳೆಗೆ ಬಾಯಿ ಬಿಡುವ ನೆಲ. ಅಲ್ಲಿ ಒಂದು ಬೆಳೆ ಹೋದರೆ ಸಾಲ, ಸಾಲದ ಮೇಲೆ ರೋಗ ಬಂದರೆ ಹೊಲದ ಮಾರಾಟ. ಇಂಥ ಊರಿನ ವೈದ್ಯನಿಗೆ ರೋಗದ ಜೊತೆಯಲ್ಲಿಯೇ ಮನೆತನದ ಲೆಕ್ಕವೂ ತಿಳಿಯುತ್ತದೆ. ಯಾರು ಔಷಧವನ್ನು ಅರ್ಧಕ್ಕೆ ಬಿಟ್ಟರು, ಯಾರು ಹೆಂಡತಿಯ ತಾಳಿಯನ್ನು ಅಡವಿಟ್ಟು ದೊಡ್ಡ ಪಟ್ಟಣದ ಆಸ್ಪತ್ರೆಗೆ ಹೋದರು, ಯಾರು ಹೋಗಲಾರದೆ ಮನೆಯಲ್ಲಿಯೇ ಕಣ್ಣು ಮುಚ್ಚಿದರು ಎಂಬದೆಲ್ಲ ಅವನ ಕಿವಿಗೆ ಬೀಳುತ್ತದೆ. ಇಷ್ಟನ್ನು ಕಂಡ ಮನುಷ್ಯನು ಮತ ಕೇಳಲು ಹೊರಟರೆ ಅವನಿಗೆ ಪರಿಚಯಪತ್ರ ಬೇಕಾಗುವದಿಲ್ಲ. ೧೯೭೮ರಲ್ಲಿ ಪುಲಿವೆಂದುಲದಿಂದ ವಿಧಾನಸಭೆಗೆ ಆರಿಸಿ ಬಂದ ರೆಡ್ಡಿಯವರು ಒಟ್ಟು ಆರು ಬಾರಿ ವಿಧಾನಸಭೆಗೂ, ಕಡಪಾದಿಂದ ನಾಲ್ಕು ಬಾರಿ ಲೋಕಸಭೆಗೂ ಆರಿಸಿ ಬಂದು, ಒಂದು ಚುನಾವಣೆಯನ್ನೂ ಸೋಲಲಿಲ್ಲ. ೧೯೮೦ರ ದಶಕದ ಆರಂಭದಲ್ಲಿಯೇ ಮಂತ್ರಿಪದವೂ, ಎರಡು ಬಾರಿ ಪ್ರದೇಶ ಕಾಂಗ್ರೆಸಿನ ಅಧ್ಯಕ್ಷಪದವೂ ಅವರಿಗೆ ದೊರೆತವು.

ಆದರೆ ಔಷಧದ ಪುಣ್ಯದಿಂದಲೇ ಇದೆಲ್ಲ ನಡೆಯಿತೆಂದರೆ ಸತ್ಯಕ್ಕೆ ಅಪಚಾರವಾದೀತು. ಕಡಪಾ ಸೀಮೆಯ ರಾಜಕಾರಣ ಮನೆತನಗಳ ಕಕ್ಷೆಗಳಿಂದಲೂ ಹಗೆತನಗಳಿಂದಲೂ ಕೂಡಿದ್ದು. ರೆಡ್ಡಿಯವರ ಮನೆತನವೂ ಅದರಿಂದ ಹೊರತಾಗಿರಲಿಲ್ಲ. ಅವರ ತಂದೆ ರಾಜಾ ರೆಡ್ಡಿಯವರು ೧೯೯೮ರಲ್ಲಿ ಬಾಂಬಿನ ದಾಳಿಗೆ ಸಿಕ್ಕಿ ಕೊಲೆಯಾದರು. ದವಾಖಾನೆಯ ಬಾಗಿಲೂ ಕಕ್ಷೆಯ ಕೋಟೆಯೂ ಒಂದೇ ಓಣಿಯಲ್ಲಿದ್ದ ಬದುಕು ಅದು.

ಅವರನ್ನು ಒಂದು ಸೀಮೆಯ ಮುಂದಾಳಿನಿಂದ ರಾಜ್ಯದ ಮುಂದಾಳನ್ನಾಗಿ ಮಾಡಿದ್ದು ೨೦೦೩ರ ಬೇಸಗೆಯ ಪಾದಯಾತ್ರೆ. ಹೈದರಾಬಾದಿನ ಹತ್ತಿರದ ಚೇವೆಳ್ಳದಿಂದ ಏಪ್ರಿಲ್ ೯ರಂದು ಹೊರಟು, ಒರಿಸ್ಸಾದ ಗಡಿಯಲ್ಲಿರುವ ಇಚ್ಛಾಪುರದ ವರೆಗೆ ಸುಮಾರು ೧,೫೦೦ ಕಿಲೋಮೀಟರುಗಳ ದಾರಿಯನ್ನು ಅವರು ಕಾಲ್ನಡಿಗೆಯಿಂದ ಕ್ರಮಿಸಿದರು. ಆ ಹೊತ್ತಿಗೆ ಆಂಧ್ರದ ರೈತನು ಮೇಲಿಂದ ಮೇಲೆ ಬಿದ್ದ ಬರಗಾಲದಿಂದ ಕಂಗಾಲಾಗಿದ್ದನು. ರೈತರ ಆತ್ಮಹತ್ಯೆಯ ವಾರ್ತೆಗಳು ದಿನವೂ ಬರುತ್ತಿದ್ದವು. ಹೈದರಾಬಾದಿನ ಹೊಸ ಸೌಧಗಳನ್ನು ಪರದೇಶದವರು ಬಂದು ನೋಡಿ ಮೆಚ್ಚುತ್ತಿದ್ದ ಕಾಲವೂ ಅದೇ. ಇವೆರಡರ ಅಂತರವನ್ನು ವೈದ್ಯರು ಸರಿಯಾಗಿ ಗುರುತಿಸಿದರು. ೨೦೦೪ರ ಚುನಾವಣೆಯಲ್ಲಿ ೨೯೪ ಸ್ಥಾನಗಳಲ್ಲಿ ೧೮೫ ಕಾಂಗ್ರೆಸಿನ ಪಾಲಾದವು. ಮೇ ೧೪ರಂದು ಪ್ರಮಾಣವಚನ ಸ್ವೀಕರಿಸಿದ ಮುಖ್ಯಮಂತ್ರಿಗಳು ಮೊದಲು ಸಹಿ ಹಾಕಿದ್ದು ರೈತರಿಗೆ ಉಚಿತ ವಿದ್ಯುತ್ತನ್ನು ಕೊಡುವ ಆಜ್ಞೆಗೆ.

ಆಡಳಿತ ಕೈಗೆ ಬಂದ ಮೇಲೆ ಅವರ ವೃತ್ತಿಯ ಗುರುತು ಎಲ್ಲಕ್ಕಿಂತ ಹೆಚ್ಚಾಗಿ ಎರಡು ಕೆಲಸಗಳಲ್ಲಿ ಕಾಣುವದು. ಮೊದಲನೆಯದು ೨೦೦೫ನೆಯ ಆಗಸ್ಟ್ ೧೫ರಂದು ಆರಂಭವಾದ ‘೧೦೮’ ಎಂಬ ಆಂಬುಲೆನ್ಸ್ ವ್ಯವಸ್ಥೆ. ದೂರವಾಣಿಯ ಮೂರು ಅಂಕಿಗಳನ್ನು ಒತ್ತಿದರೆ ಹಳ್ಳಿಯ ಹೆರಿಗೆಯ ಹೆಂಗಸಿಗೂ, ಹೆದ್ದಾರಿಯಲ್ಲಿ ಬಿದ್ದ ಕೂಲಿಯವನಿಗೂ ದುಡ್ಡಿಲ್ಲದೆ ವಾಹನ ಬರುವದು. ಎತ್ತಿನ ಬಂಡಿಯಲ್ಲಿಯೂ ಹೊರಸಿನ ಮೇಲೆಯೂ ರೋಗಿಯನ್ನು ಹೊತ್ತು ತಂದದ್ದನ್ನು ಕಣ್ಣಾರೆ ಕಂಡವನಿಗೆ ಇದರ ಬೆಲೆ ಗೊತ್ತು. ನಮ್ಮ ಕರ್ನಾಟಕವೂ ೨೦೦೮ನೆಯ ನವೆಂಬರ್ ೧ರಂದು ಆರೋಗ್ಯ ಕವಚವೆಂಬ ಹೆಸರಿನಿಂದ ಇದನ್ನೇ ತೆಗೆದುಕೊಂಡಿತು.

ಎರಡನೆಯದು ಆರೋಗ್ಯಶ್ರೀ. ಅದು ಹುಟ್ಟಿದ ಬಗೆಯನ್ನು ಅಧಿಕಾರಿವರ್ಗದವರು ಗಮನಿಸಬೇಕು. ಹೃದಯದ ಶಸ್ತ್ರಚಿಕಿತ್ಸೆ, ಅರ್ಬುದರೋಗ, ಮೂತ್ರಪಿಂಡದ ವೈಫಲ್ಯ ಇಂಥ ದೊಡ್ಡ ರೋಗಗಳಿಗೆ ನೆರವು ಬೇಡಿ ಮುಖ್ಯಮಂತ್ರಿಗಳ ಪರಿಹಾರನಿಧಿಗೆ ಬಡವರ ಅರ್ಜಿಗಳು ಬಂದು ಬೀಳುತ್ತಿದ್ದವು. ಶಾಸಕರ ಶಿಫಾರಸು ಇದ್ದವನಿಗೆ ಹಣ ದೊರೆಯುವದು, ಇಲ್ಲದವನು ಕಾಯುವದು, ಇದು ಎಲ್ಲ ರಾಜ್ಯಗಳಲ್ಲಿಯೂ ಕಂಡ ರೀತಿ. ರೆಡ್ಡಿಯವರ ಸರಕಾರ ಆ ದಯೆಯನ್ನು ಹಕ್ಕನ್ನಾಗಿ ಮಾಡಿತು. ೨೦೦೭ರ ಏಪ್ರಿಲಿನಲ್ಲಿ ಮಹಬೂಬನಗರ, ಅನಂತಪುರ, ಶ್ರೀಕಾಕುಲಂ ಈ ಮೂರು ಜಿಲ್ಲೆಗಳಲ್ಲಿ ಆರಂಭವಾದ ಯೋಜನೆ ೨೦೦೮ರ ಮಧ್ಯದ ಹೊತ್ತಿಗೆ ರಾಜ್ಯವನ್ನೆಲ್ಲ ವ್ಯಾಪಿಸಿತು. ಬಿಳಿಯ ರೇಶನ್ ಕಾರ್ಡಿದ್ದ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ, ಸಾಲದಿದ್ದರೆ ಮೇಲೆ ಐವತ್ತು ಸಾವಿರ. ಪಟ್ಟಿಯಲ್ಲಿದ್ದ ಆಸ್ಪತ್ರೆ ಸರಕಾರಿಯಾದರೂ ಸರಿ, ಖಾಸಗಿಯಾದರೂ ಸರಿ. ಆಸ್ಪತ್ರೆಯ ಬಾಗಿಲಲ್ಲಿ ಓದು ಬಾರದವನ ಕೈ ಹಿಡಿದು ಒಳಗೆ ಕರೆದೊಯ್ಯಲು ಆರೋಗ್ಯಮಿತ್ರನೆಂಬ ನೌಕರ. ಹುಟ್ಟುಕಿವುಡು ಮಕ್ಕಳಿಗೆ ಶ್ರವಣಯಂತ್ರವನ್ನು ಕಿವಿಯೊಳಗೆ ಜೋಡಿಸುವ ದುಬಾರಿಯ ಚಿಕಿತ್ಸೆಯೂ ಇದರಲ್ಲಿ ಸೇರಿತು.

ಇದರ ಉಪಕಾರವನ್ನು ಕಡಿಮೆಯಾಗಿ ಎಣಿಸುವವರು ಬಡವನ ಮನೆಯನ್ನು ಕಂಡವರಲ್ಲ. ಅದಕ್ಕೆ ಸಾಕ್ಷ್ಯ ನಮ್ಮ ನಾಡಿನಲ್ಲಿಯೇ ಇದೆ. ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಎಂಬ ಯೋಜನೆಯನ್ನು ಕರ್ನಾಟಕವು ೨೦೦೩ರಲ್ಲಿಯೇ ನಡೆಸತೊಡಗಿತ್ತು. ಆದರೆ ಅದು ವಂತಿಗೆ ಕೊಟ್ಟ ಸದಸ್ಯರಿಗೆ ಮಾತ್ರ ಮೀಸಲು. ವಂತಿಗೆಯಿಲ್ಲದೆ ಬಡವರೆಲ್ಲರಿಗೂ ಅನ್ವಯಿಸುವ ಆಂಧ್ರದ ಮಾದರಿಯನ್ನು ಅನುಸರಿಸಿ ವಾಜಪೇಯಿ ಆರೋಗ್ಯಶ್ರೀ ೨೦೧೦ರಲ್ಲಿ ಮೊದಲು ಬಂದದ್ದು ಕಲಬುರ್ಗಿ ವಿಭಾಗಕ್ಕೆ. ಯಾವ ಊರಿನಲ್ಲಿ ಆ ತರುಣನು ಶವಚ್ಛೇದನದ ಮೇಜಿನ ಮುಂದೆ ನಿಂತು ವಿದ್ಯೆ ಕಲಿತನೋ, ಆ ಊರಿನ ಬಡವರಿಗೆ ಅವನ ಯೋಜನೆಯ ಪ್ರತಿರೂಪವು ಅವನು ತೀರಿಕೊಂಡ ಕೆಲವೇ ತಿಂಗಳಲ್ಲಿ ತಲುಪಿತು. ಅದರ ಫಲವನ್ನು ಸಂಶೋಧಕರು ಪರೀಕ್ಷಿಸಿದರು. ಯೋಜನೆಯಿದ್ದ ಹಳ್ಳಿಗಳನ್ನೂ, ಗಡಿಯಾಚೆಗೆ ಯೋಜನೆ ಇನ್ನೂ ಬಾರದ ಹಳ್ಳಿಗಳನ್ನೂ ಹೋಲಿಸಿ ೨೦೧೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಟ್ಟಿಯಲ್ಲಿದ್ದ ರೋಗಗಳಿಂದ ಬಡಕುಟುಂಬಗಳಲ್ಲಿ ಸಂಭವಿಸಿದ ಮರಣಗಳು ಯೋಜನೆಯಿದ್ದ ಹಳ್ಳಿಗಳಲ್ಲಿ ಶೇಕಡಾ ೬೪ರಷ್ಟು ಕಡಿಮೆಯಾಗಿದ್ದವೆಂದು ಕಂಡುಬಂತು. ಇಷ್ಟು ಜೀವಗಳನ್ನು ಉಳಿಸಿದ ಪದ್ಧತಿಯನ್ನು ಬರಿಯ ಮತಬೇಟೆಯೆಂದು ತಳ್ಳಿಹಾಕಲು ನಮಗೆ ಬಾಯಿ ಬಾರದು.

ಇದು ನಾಣ್ಯದ ಒಂದು ಮುಖ. ಇನ್ನೊಂದು ಮುಖವನ್ನೂ ನೋಡಬೇಕು.

ಆರೋಗ್ಯಶ್ರೀಯ ಮೊದಲ ಪಟ್ಟಿಯಲ್ಲಿ ಏನೇನಿತ್ತೆಂಬದರಷ್ಟೇ ಏನೇನಿರಲಿಲ್ಲವೆಂಬದೂ ಮುಖ್ಯ. ಕ್ಷಯ, ಮಲೇರಿಯ, ಅತಿಸಾರ ಮೊದಲಾದ ಹಳ್ಳಿಯ ನಿತ್ಯದ ರೋಗಗಳು ಅದರಲ್ಲಿ ಇರಲಿಲ್ಲ. ಅವುಗಳಿಗೆ ಸರಕಾರಿ ಆಸ್ಪತ್ರೆ ಇದ್ದೇ ಇದೆಯಲ್ಲವೇ ಎಂಬದು ವಾದ. ಆದರೆ ಆ ಸರಕಾರಿ ಆಸ್ಪತ್ರೆಯ ಗತಿ ಏನು? ಆರಂಭದ ವರ್ಷಗಳಲ್ಲಿ ಯೋಜನೆಯ ಹಣದ ಬಹುಭಾಗವು ದೊಡ್ಡ ಪಟ್ಟಣಗಳ ಖಾಸಗಿ ಆಸ್ಪತ್ರೆಗಳಿಗೆ ಸಂದಿತು. ಪ್ರತಿಯೊಂದು ಶಸ್ತ್ರಚಿಕಿತ್ಸೆಗೂ ಇಷ್ಟೆಂದು ಬೆಲೆ ಕಟ್ಟಿದ ಮೇಲೆ ಕತ್ತರಿಗೆ ಕೆಲಸ ಹೆಚ್ಚಿತು. ಅಗತ್ಯವಿಲ್ಲದೆಯೂ ಹಳ್ಳಿಯ ಹೆಂಗಸರ ಗರ್ಭಕೋಶಗಳನ್ನು ತೆಗೆಯುತ್ತಿದ್ದಾರೆಂಬ ಗಂಭೀರವಾದ ದೂರುಗಳು ಬಂದವು; ಮುಂದೆ ಸರಕಾರವೇ ಹಲವು ಚಿಕಿತ್ಸೆಗಳನ್ನು ಖಾಸಗಿಯವರಿಂದ ತೆಗೆದು ಸರಕಾರಿ ಆಸ್ಪತ್ರೆಗಳಿಗೆ ಮೀಸಲಿಡಬೇಕಾಯಿತು. ೧೦೮ರ ಕಥೆಯೂ ಪಾಠವನ್ನೇ ಹೇಳುವದು. ಅದನ್ನು ನಡೆಸುತ್ತಿದ್ದ ಸಂಸ್ಥೆಗೆ ಸತ್ಯಂ ಕಂಪನಿಯ ಸ್ಥಾಪಕರು ಬೆನ್ನೆಲುಬಾಗಿದ್ದರು. ೨೦೦೯ರ ಜನವರಿಯಲ್ಲಿ ಕಂಪನಿಯ ಲೆಕ್ಕದಲ್ಲಿ ಮೋಸವಾಗಿದೆಯೆಂದು ಅವರೇ ಒಪ್ಪಿಕೊಂಡಾಗ, ಆಂಬುಲೆನ್ಸ್ ಸಂಸ್ಥೆಗೆ ಇನ್ನೊಬ್ಬ ಪೋಷಕನನ್ನು ಹುಡುಕಬೇಕಾಯಿತು. ಪ್ರಜೆಯ ಪ್ರಾಣಕ್ಕೆ ಸಂಬಂಧಿಸಿದ ಕೆಲಸವು ಒಬ್ಬ ಧನಿಕನ ಏಳುಬೀಳುಗಳಿಗೆ ಕಟ್ಟುಬಿದ್ದರೆ ಹೀಗಾಗುವದು ಸಹಜವೇ.

ಇಲ್ಲಿಯೇ ಈ ಜೀವನದ ಮುಖ್ಯವಾದ ಪ್ರಶ್ನೆ ಏಳುವದು. ಎಪ್ಪತ್ತು ಹಾಸಿಗೆಗಳ ಆಸ್ಪತ್ರೆಯನ್ನು ಸಣ್ಣ ಊರಿನಲ್ಲಿಯೇ ಕಟ್ಟಿ ತೋರಿಸಿದ ವೈದ್ಯರು ಮುಖ್ಯಮಂತ್ರಿಗಳಾದ ಮೇಲೆ ಅಂಥ ಸಾವಿರ ಆಸ್ಪತ್ರೆಗಳನ್ನು ಗಟ್ಟಿಗೊಳಿಸುವದನ್ನು ತಮ್ಮ ಮೊದಲ ಕೆಲಸವನ್ನಾಗಿ ಮಾಡಿಕೊಳ್ಳದೆ, ರೋಗಿಯನ್ನು ಹೈದರಾಬಾದಿಗೆ ಕಳುಹಿಸುವ ದಾರಿಯನ್ನೇಕೆ ಆರಿಸಿಕೊಂಡರು? ಚುನಾವಣೆಯ ಅವಸರ ಇದಕ್ಕೆ ಒಂದು ಉತ್ತರ. ಆಸ್ಪತ್ರೆ ಕಟ್ಟಿ, ವೈದ್ಯರನ್ನೂ ದಾದಿಯರನ್ನೂ ನೇಮಿಸಿ, ಔಷಧ ತುಂಬಿ, ಜನರ ವಿಶ್ವಾಸ ಗಳಿಸಲು ಹತ್ತು ವರ್ಷ ಬೇಕು; ಕಾರ್ಡು ಹಂಚಲು ಹತ್ತು ತಿಂಗಳು ಸಾಕು. ಆದರೆ ನಮಗೆ ತೋರುವಂತೆ ಇದರ ಬೇರು ವೈದ್ಯವೃತ್ತಿಯ ಗುಣದಲ್ಲಿಯೇ ಇದೆ. ಬಾಗಿಲಿಗೆ ಬಂದವನ ನೋವನ್ನು ಆ ಕ್ಷಣವೇ ನೀಗಿಸುವದು ವೈದ್ಯನ ಧರ್ಮ. ಎದುರಿಗೆ ಕುಳಿತ ರೋಗಿಯನ್ನು ಬಿಟ್ಟು ಊರಿನ ಬಾವಿಯ ನೀರನ್ನು ಪರೀಕ್ಷಿಸಲು ಹೋಗುವವನನ್ನು ಒಳ್ಳೆಯ ವೈದ್ಯನೆಂದು ಯಾರೂ ಹೇಳುವದಿಲ್ಲ. ರಾಜ್ಯದ ಧರ್ಮ ಹಾಗಲ್ಲ. ಬಾಗಿಲಿಗೆ ಬಾರದವನ ಲೆಕ್ಕವನ್ನೂ ರಾಜ್ಯ ಇಡಬೇಕು. ಅರ್ಜಿ ಬರೆಯಲಾರದ ಮುದುಕಿ, ಎರಡು ಮೈಲು ನಡೆಯಲಾರದ ಬಸುರಿ, ರಕ್ತದ ಒತ್ತಡವಿದೆಯೆಂದೇ ತಿಳಿಯದೆ ನೇಗಿಲು ಹಿಡಿದಿರುವ ರೈತ ಇವರೆಲ್ಲರೂ ಅದರ ರೋಗಿಗಳೇ. ಪರಿಹಾರನಿಧಿಗೆ ಅರ್ಜಿ ಹಾಕಿದವರ ಸಂಕಟ ಮುಖ್ಯಮಂತ್ರಿಗಳ ಕಣ್ಣಿಗೆ ಬಿದ್ದಿತು. ಅದಕ್ಕೆ ಅವರು ಉದಾರವಾಗಿ ಉತ್ತರ ಕೊಟ್ಟರು. ಅರ್ಜಿ ಹಾಕದವರ ಸಂಕಟಕ್ಕೆ ಅಷ್ಟೇ ಉದಾರವಾದ ಉತ್ತರ ಬರಲಿಲ್ಲ.

೨೦೦೯ರ ಚುನಾವಣೆಯನ್ನು ಎರಡನೆಯ ಬಾರಿ ಗೆದ್ದ ಕೆಲವೇ ತಿಂಗಳಲ್ಲಿ, ಸೆಪ್ಟೆಂಬರ್ ೨ರಂದು, ಹಳ್ಳಿಗರ ಅಹವಾಲುಗಳನ್ನು ನೇರವಾಗಿ ಕೇಳುವದಕ್ಕೆಂದು ಚಿತ್ತೂರು ಜಿಲ್ಲೆಗೆ ಹೊರಟಿದ್ದ ಅವರ ಹೆಲಿಕಾಪ್ಟರು ನಲ್ಲಮಲದ ಕಾಡಿನಲ್ಲಿ ಬಿದ್ದು, ಜೊತೆಗಿದ್ದ ನಾಲ್ವರೊಡನೆ ಅವರು ಮೃತರಾದರು. ಅಂದು ಆಂಧ್ರದ ಹಳ್ಳಿಹಳ್ಳಿಗಳಲ್ಲಿ ಕಂಡ ಶೋಕವು ಹಣ ಕೊಟ್ಟು ತರಿಸಬಹುದಾದ ಶೋಕವಾಗಿರಲಿಲ್ಲ. ಅವರ ಕಾಲದ ಭೂಮಿ ಮತ್ತು ಗಣಿಗಳ ಹಂಚಿಕೆಯ ಬಗೆಗೂ, ಅದರಿಂದ ಅವರ ಮಗನ ಉದ್ಯಮಗಳಿಗೆ ಲಾಭವಾಯಿತೆಂಬ ಆರೋಪದ ಬಗೆಗೂ ಹೈಕೋರ್ಟಿನ ಆಜ್ಞೆಯಂತೆ ೨೦೧೧ರಲ್ಲಿ ಕೇಂದ್ರೀಯ ತನಿಖೆ ಆರಂಭವಾಯಿತೆಂಬದನ್ನೂ ನಾವು ಮರೆಮಾಚಲಾರೆವು. ಆರೋಪದ ನ್ಯಾಯಾನ್ಯಾಯಗಳನ್ನು ನಿರ್ಣಯಿಸುವದು ನ್ಯಾಯಾಲಯದ ಕೆಲಸ, ಪತ್ರಿಕೆಯದಲ್ಲ. ಬಡವನಿಗೆ ಮರುಗಿದ ಕೈಯನ್ನೇ ಕುರಿತು ಇಂಥ ಪ್ರಶ್ನೆಗಳೂ ಏಳಬಹುದು, ಒಂದು ಇನ್ನೊಂದನ್ನು ಅಳಿಸಿ ಹಾಕುವದಿಲ್ಲ ಎಂದಷ್ಟೇ ನಾವು ಹೇಳುವೆವು.

ಅವರ ನಂತರ ನಡೆದದ್ದು ಇನ್ನೂ ಬೋಧಪ್ರದವಾಗಿದೆ. ೨೦೧೪ರಲ್ಲಿ ರಾಜ್ಯ ಎರಡಾಯಿತು. ಯೋಜನೆ ಎರಡರಲ್ಲಿಯೂ ಉಳಿಯಿತು. ಆಂಧ್ರದಲ್ಲಿ ವಿರೋಧಪಕ್ಷದವರು ಅಧಿಕಾರಕ್ಕೆ ಬಂದು ಅದಕ್ಕೆ ಎನ್. ಟಿ. ಆರ್. ಅವರ ಹೆಸರಿಟ್ಟರು, ೨೦೧೯ರಲ್ಲಿ ರೆಡ್ಡಿಯವರ ಮಗ ಮುಖ್ಯಮಂತ್ರಿಯಾದಾಗ ತಂದೆಯ ಹೆಸರು ಬಂತು, ೨೦೨೪ರಲ್ಲಿ ಸರಕಾರ ಬದಲಾದಾಗ ಮತ್ತೆ ಎನ್. ಟಿ. ಆರ್. ಅವರ ಹೆಸರು. ಹಲಗೆಯ ಮೇಲಿನ ಹೆಸರು ಮೂರು ಸಲ ಬದಲಾದರೂ ಯೋಜನೆಯನ್ನು ನಿಲ್ಲಿಸುವ ಧೈರ್ಯ ಯಾರಿಗೂ ಆಗಲಿಲ್ಲ. ಜನರು ಒಮ್ಮೆ ಹಕ್ಕೆಂದು ತಿಳಿದದ್ದನ್ನು ಕಸಿದುಕೊಳ್ಳುವದು ಕಷ್ಟ. ಪ್ರಜಾಪ್ರಭುತ್ವದ ದೃಷ್ಟಿಯಿಂದ ಇದು ರೆಡ್ಡಿಯವರ ನಿಜವಾದ ಸ್ಮಾರಕ.

ಆದರೆ ಅದೇ ಹಟದಿಂದ ಜನರು ತಮ್ಮ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಕೇಳುತ್ತಿಲ್ಲ. ಸರ್ ಜೋಸೆಫ್ ಭೋರರ ಸಮಿತಿ ೧೯೪೬ರಲ್ಲಿಯೇ, ಅಂದರೆ ಸ್ವಾತಂತ್ರ್ಯಕ್ಕಿಂತ ಒಂದು ವರ್ಷ ಮೊದಲೇ, ನಲವತ್ತು ಸಾವಿರ ಜನಕ್ಕೆ ಒಂದರಂತೆ ಆರೋಗ್ಯ ಕೇಂದ್ರಗಳಿಂದ ಆರಂಭಿಸಿ, ರೋಗ ಬಾರದಂತೆ ತಡೆಯುವದನ್ನೂ ಬಂದ ರೋಗವನ್ನು ವಾಸಿಮಾಡುವದನ್ನೂ ಒಂದೇ ಸೂರಿನಡಿ ತರಬೇಕೆಂದು ಸಲಹೆ ಕೊಟ್ಟಿತ್ತು. ಆ ಸೂರುಗಳು ಇಂದು ಇವೆ. ಅವುಗಳ ಕೆಳಗೆ ಎಷ್ಟು ಕಡೆ ವೈದ್ಯರಿದ್ದಾರೆ, ಔಷಧವಿದೆ, ರಾತ್ರಿ ದೀಪವಿದೆ ಎಂಬದನ್ನು ತಾಲ್ಲೂಕಿನಲ್ಲಿ ತಿರುಗುವ ಅಧಿಕಾರಿಗಳು ನಮಗಿಂತ ಚೆನ್ನಾಗಿ ಬಲ್ಲರು. ೨೦೧೭ರ ರಾಷ್ಟ್ರೀಯ ಆರೋಗ್ಯ ನೀತಿಯು ಸರಕಾರಗಳ ಆರೋಗ್ಯವೆಚ್ಚವನ್ನು ೨೦೨೫ರ ಹೊತ್ತಿಗೆ ದೇಶದ ಒಟ್ಟು ಉತ್ಪನ್ನದ ಶೇಕಡಾ ೨.೫ಕ್ಕೆ ಏರಿಸುವದಾಗಿ ಹೇಳಿತ್ತು. ೨೦೨೧-೨೨ರ ಲೆಕ್ಕದಲ್ಲಿ ಅದು ಶೇಕಡಾ ೧.೮೪. ದೇಶದ ಒಟ್ಟು ಆರೋಗ್ಯವೆಚ್ಚದಲ್ಲಿ ಜನರು ತಮ್ಮ ಕಿಸೆಯಿಂದಲೇ ಕೊಡುವ ಭಾಗವು ೨೦೧೩-೧೪ರಲ್ಲಿ ಶೇಕಡಾ ೬೪.೨ ಇದ್ದದ್ದು ೨೦೨೧-೨೨ರಲ್ಲಿ ೩೯.೪ಕ್ಕೆ ಇಳಿದಿರುವದು ಸಂತೋಷದ ಸಂಗತಿಯೇ. ಆದರೂ ಈ ಉಳಿದ ಹೊರೆ ಸಣ್ಣದಲ್ಲ. ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗದೆ, ತಿಂಗಳು ತಿಂಗಳೂ ಅಂಗಡಿಯಲ್ಲಿ ಕೊಳ್ಳುವ ಮಾತ್ರೆಗೆ ಈ ಕಾರ್ಡು ನಡೆಯುವದಿಲ್ಲ. ಸಿಹಿಮೂತ್ರದ ರೋಗಿಗೆ ಹತ್ತು ವರ್ಷ ಮಾತ್ರೆ ಕೊಡಲು ಒಲ್ಲದ ಪದ್ಧತಿಯು, ಅವನ ಮೂತ್ರಪಿಂಡ ಕೆಟ್ಟ ಮೇಲೆ ಲಕ್ಷಗಟ್ಟಲೆ ಸುರಿಯಲು ಸಿದ್ಧವಾಗುವದು ಯಾವ ಲೆಕ್ಕಶಾಸ್ತ್ರ?

ಆದುದರಿಂದ ಕಾರ್ಡನ್ನು ಹರಿದು ಹಾಕಿರೆಂದು ನಾವು ಹೇಳುತ್ತಿಲ್ಲ. ಕಾರ್ಡು ಇರಲಿ. ಆದರೆ ಯೋಜನೆಯ ಹಣವು ಸರಕಾರಿ ಜಿಲ್ಲಾಸ್ಪತ್ರೆಗೆ ಮೊದಲು ಹರಿಯಲಿ. ಅಲ್ಲಿ ಆಗುವ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಯ ದಾರಿ ತೋರಿಸುವದು ನಿಲ್ಲಲಿ. ಪ್ರತಿಯೊಂದು ಶಸ್ತ್ರಚಿಕಿತ್ಸೆಯ ಲೆಕ್ಕವನ್ನೂ, ಅದು ಅಗತ್ಯವಾಗಿತ್ತೇ ಎಂಬದನ್ನೂ ಹಣ ಪಡೆಯದ ವೈದ್ಯರು ಪರೀಕ್ಷಿಸಲಿ. ಹೋಬಳಿಯ ಕೇಂದ್ರದಲ್ಲಿ ರಕ್ತದ ಒತ್ತಡಕ್ಕೂ ಸಿಹಿಮೂತ್ರಕ್ಕೂ ವರ್ಷವಿಡೀ ಮಾತ್ರೆ ದೊರೆಯುವದನ್ನು ಯೋಜನೆಯ ಭಾಗವೆಂದೇ ಎಣಿಸಲಿ. ಇವುಗಳಲ್ಲಿ ಯಾವದಕ್ಕೂ ಹೊಸ ಕಾಯಿದೆ ಬೇಕಾಗಿಲ್ಲ. ಮುಂಗಡಪತ್ರದಲ್ಲಿ ಹಣವೂ ಕಚೇರಿಯಲ್ಲಿ ಮನಸ್ಸೂ ಇದ್ದರೆ ಸಾಕು.

ಪಟ್ಟಣದ ಓದುಗರಿಗೂ ಒಂದು ಮಾತು. ನಮ್ಮ ಮತ ಕೇಳಲು ಬರುವವರನ್ನು ಕಾರ್ಡಿನ ಮೇಲಿನ ಮೊತ್ತ ಎಷ್ಟೆಂದು ನಾವು ಕೇಳುತ್ತೇವೆ. ಮುಂದಿನ ಸಲ ಸಮೀಪದ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಹೆರಿಗೆ ಮಾಡಿಸಲು ಯಾರಿದ್ದಾರೆಂದು ಕೇಳೋಣ. ಪುಲಿವೆಂದುಲದಲ್ಲಿ ೧೯೭೩ರಲ್ಲಿ ಬಾಗಿಲು ತೆರೆದ ಆ ಆಸ್ಪತ್ರೆಗೆ ಅಂದು ಬಂದವರು ಹೈದರಾಬಾದಿಗೆ ಹೋಗಲಾರದವರು. ಅಂಥವರು ಇಂದಿಗೂ ನಮ್ಮ ಸುತ್ತಲಿನ ಊರುಗಳಲ್ಲಿ ಇದ್ದಾರೆ. ಮುಖ್ಯಮಂತ್ರಿಗಳಾದ ರೆಡ್ಡಿಯವರನ್ನು ನೆನೆಯುವ ರಾಜಕಾರಣಿಗಳು ವೈದ್ಯರಾಗಿದ್ದ ರೆಡ್ಡಿಯವರ ಆ ಕೆಲಸವನ್ನೂ ಮುಂದುವರಿಸಿದರೆ ನಾಡಿಗೆ ಹೆಚ್ಚಿನ ಹಿತವಾದೀತು.